ಕಾಗದ ಮೊದಲು, ಫೈಲು ಕೊನೆಗೆ: ಅಚ್ಚಿನ ಕೆಲಸಕ್ಕೆ ಹಾಳೆಯನ್ನೂ ಮುದ್ರಣ ವಿಧಾನವನ್ನೂ ಆರಿಸುವ ಬಗೆ

ಪರದೆಯ ಮೇಲೆ ಚೆಂದ ಕಂಡ ವಿನ್ಯಾಸ ಅಚ್ಚಾಗಿ ಬಂದಾಗ ಮಂಕು ಬಡಿದಿರುತ್ತದೆ. ಬ್ರೋಷರ್ ಮಡಿಸಿದ ಕಡೆ ಬಣ್ಣ ಸೀಳಿ ಬಿಳಿ ಗೆರೆ ಎದ್ದಿರುತ್ತದೆ. ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಬೈಗುಳವೆಲ್ಲ ಪ್ರೆಸ್ಸಿನವರಿಗೆ ಬೀಳುತ್ತದೆ, ಆದರೆ ಇವುಗಳಲ್ಲಿ ಬಹುಪಾಲು ಅವರ ತಪ್ಪಲ್ಲ. ವಿನ್ಯಾಸವೆಲ್ಲ ಮುಗಿದ ಮೇಲೆ ‘ಈಗ ಯಾವ ಪೇಪರ್ ಹಾಕೋಣ?’ ಎಂದು ಕೇಳಿದ್ದರ ಫಲ.

ಕಾಗದ, ಮುದ್ರಣ ವಿಧಾನ, ಫಿನಿಶಿಂಗ್ (ಅಚ್ಚಾದ ಮೇಲಿನ ಮಡಿಕೆ, ಲ್ಯಾಮಿನೇಷನ್ ಮುಂತಾದ ಕೆಲಸ) ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ಒಂದನ್ನು ಬದಲಿಸಿದರೆ ಉಳಿದವೂ ಅಲ್ಲಾಡುತ್ತವೆ. ಅದಕ್ಕೇ ಇಲ್ಲಿನ ಕ್ರಮ ಹಿಂದಿನಿಂದ ಮುಂದಕ್ಕೆ ಸಾಗುತ್ತದೆ: ಮುಗಿದ ವಸ್ತು ಕೈಯಲ್ಲಿ ಹೇಗಿರಬೇಕು ಎಂಬುದು ಮೊದಲು, ಅದಕ್ಕೆ ಬೇಕಾದ ಹಾಳೆ ಆಮೇಲೆ, ಹಾಳೆಗೆ ಒಗ್ಗುವ ಮುದ್ರಣ ಅದರ ನಂತರ, ಫೈಲು ಕಟ್ಟಕಡೆಗೆ.

ಮೊದಲ ಹೆಜ್ಜೆ: ಬೇಡದ್ದನ್ನು ಹೊಡೆದುಹಾಕಿ

ಎಷ್ಟು ಪ್ರತಿ ಬೇಕು? ಮಡಿಸುತ್ತಾರೆಯೇ? ಮೇಲೆ ಪೆನ್ನಿನಲ್ಲಿ ಬರೆಯುತ್ತಾರೆಯೇ, ರಬ್ಬರ್ ಸ್ಟಾಂಪ್ ಒತ್ತುತ್ತಾರೆಯೇ? ಒಂದು ದಿನ ಬಾಳಬೇಕೋ ಹತ್ತು ವರ್ಷವೋ? ಬಿಸಿಲು, ನೀರು ತಾಗುತ್ತವೆಯೇ? ಚಿತ್ರ ಹೆಚ್ಚೋ ಓದುವ ಪಠ್ಯ ಹೆಚ್ಚೋ? ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಂದೊಂದು ಉತ್ತರವೂ ಕೆಲವು ಆಯ್ಕೆಗಳನ್ನು ಹೊಡೆದುಹಾಕುತ್ತದೆ. ಪೆನ್ನು, ಸ್ಟಾಂಪು ಇವೆ ಎಂದರೆ ಆರ್ಟ್ ಪೇಪರ್ ಬೇಡ, ಅದರ ನುಣುಪು ಲೇಪನದ ಮೇಲೆ ಶಾಯಿ ಹೀರದೆ ಉಜ್ಜಿಹೋಗುತ್ತದೆ. ಹೊರಾಂಗಣದಲ್ಲಿ ನಿಲ್ಲಬೇಕಾದ ಬೋರ್ಡಾದರೆ ಕಾಗದವೇ ಬೇಡ, ವಿನೈಲ್ ಅಥವಾ ಸಿಂಥೆಟಿಕ್ ಹಾಳೆಯ ಮೇಲೆ ಸಾಲ್ವೆಂಟ್ ಇಲ್ಲವೇ ಯುವಿ ಇಂಕಿನ ಮುದ್ರಣವೇ ಗತಿ. ಐವತ್ತೇ ಪ್ರತಿ ಸಾಕು ಎಂದರೆ ಪ್ಲೇಟ್ ಮಾಡಿ ಅಚ್ಚು ಹಾಕುವ ನಾಲ್ಕು ಬಣ್ಣದ ಆಫ್‌ಸೆಟ್ಟಿನ ಮಾತು ಎತ್ತುವುದೇ ಬೇಡ.

ಎರಡನೆಯದು: ಹಾಳೆಯನ್ನು ಓದಲು ಕಲಿಯಿರಿ

ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ. ಎ0 ಹಾಳೆಯ ವಿಸ್ತೀರ್ಣ ಒಂದು ಚದರ ಮೀಟರ್, ಎ4 ಅದರ ಹದಿನಾರನೇ ಒಂದು ಭಾಗ. ಹಾಗಾಗಿ 80 ಜಿಎಸ್‌ಎಂನ ಎ4 ಹಾಳೆ ಸರಿಯಾಗಿ 5 ಗ್ರಾಂ ತೂಗುತ್ತದೆ. ಅಂಚೆಯಲ್ಲಿ ಕಳಿಸುವ ವಸ್ತುವಿನ ತೂಕವನ್ನು ಈ ಲೆಕ್ಕದಿಂದಲೇ ಮುಂಚಿತವಾಗಿ ಹೇಳಬಹುದು.

ಆದರೆ ಜಿಎಸ್‌ಎಂ ದಪ್ಪದ ಅಳತೆಯಲ್ಲ. ಹೊಸಬರು ಎಡವುವುದು ಇಲ್ಲೇ. 130 ಜಿಎಸ್‌ಎಂ ಗ್ಲಾಸಿ ಆರ್ಟ್ ಪೇಪರನ್ನು ರೋಲರುಗಳ ನಡುವೆ ಒತ್ತಿ ನುಣುಪು ಮಾಡಿರುತ್ತಾರೆ, ದಪ್ಪ ಸುಮಾರು 105 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದ ಒಂದು ಪಾಲು). 100 ಜಿಎಸ್‌ಎಂ ಮ್ಯಾಪ್‌ಲಿಥೋ, ಅಂದರೆ ಲೇಪನವಿಲ್ಲದ ಸಾದಾ ಕಾಗದ, ಸುಮಾರು 125 ಮೈಕ್ರಾನ್. ತೂಕ ಕಡಿಮೆಯಿರುವ ಹಾಳೆಯೇ ಕೈಗೆ ದಪ್ಪ! ಪುಟ ಕಡಿಮೆಯಿದ್ದೂ ಪುಸ್ತಕ ತುಂಬಿಕೊಂಡಂತೆ ಕಾಣಬೇಕಾದರೆ ಜಿಎಸ್‌ಎಂ ಏರಿಸಬೇಡಿ, ಬಲ್ಕ್ ಹೆಚ್ಚಿರುವ ಕಾಗದ ಕೇಳಿ. ಬಲ್ಕ್ ಎಂದರೆ ಮೈಕ್ರಾನ್ ದಪ್ಪವನ್ನು ಜಿಎಸ್‌ಎಂನಿಂದ ಭಾಗಿಸಿದಾಗ ಬರುವ ಸಂಖ್ಯೆ. ಗ್ಲಾಸಿಯಲ್ಲಿ ಅದು 0.8ರ ಆಸುಪಾಸು, ಸಾದಾ ಕಾಗದದಲ್ಲಿ 1.2ರಿಂದ 1.3, ಬಲ್ಕಿ ಪುಸ್ತಕ ಕಾಗದದಲ್ಲಿ 1.8ರವರೆಗೂ ಹೋಗುತ್ತದೆ.

ಶುರುವಿಗೆ ಇಷ್ಟು ನೆನಪಿಟ್ಟರೆ ಸಾಕು: ಪುಸ್ತಕದ ಒಳಪುಟ 70ರಿಂದ 80 ಜಿಎಸ್‌ಎಂ, ಲೆಟರ್‌ಹೆಡ್ 90ರಿಂದ 100, ಬ್ರೋಷರ್ ಮತ್ತು ಪೋಸ್ಟರ್ 130ರಿಂದ 170, ಪೇಪರ್‌ಬ್ಯಾಕ್ ಮುಖಪುಟ 250ರಿಂದ 300, ವಿಸಿಟಿಂಗ್ ಕಾರ್ಡ್ 300ರಿಂದ ಮೇಲೆ.

ಆರ್ಟ್ ಪೇಪರೋ ಸಾದಾ ಕಾಗದವೋ ಎಂಬ ಪ್ರಶ್ನೆಗೆ ಉತ್ತರ ಶಾಯಿ ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿದೆ. ಲೇಪನವಿರುವ ಹಾಳೆಯಲ್ಲಿ ಅದು ಮೇಲ್ಮೈಯಲ್ಲೇ ಕೂರುತ್ತದೆ, ಚಿತ್ರ ಕಟ್ಟುವ ಸಣ್ಣ ಚುಕ್ಕಿ ಚೂಪಾಗಿ ಬರುತ್ತದೆ, ಬಣ್ಣ ಗಾಢ. ಸಾದಾ ಕಾಗದ ಶಾಯಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಚುಕ್ಕಿ ಹರಡುತ್ತದೆ. ಇದಕ್ಕೆ ಡಾಟ್ ಗೇನ್ ಎನ್ನುತ್ತಾರೆ. ಫೈಲಿನಲ್ಲಿ ಶೇ. 50 ಎಂದಿಟ್ಟ ಚುಕ್ಕಿ ಆರ್ಟ್ ಪೇಪರಿನಲ್ಲಿ ಶೇ. 65ರ ಹತ್ತಿರ, ಸಾದಾ ಕಾಗದದಲ್ಲಿ ಶೇ. 70 ದಾಟಿ ಅಚ್ಚಾಗುತ್ತದೆ. ಫೋಟೋದಲ್ಲಿ ನೆರಳಿನ ಭಾಗವೆಲ್ಲ ಒಂದೇ ಕಪ್ಪು ಮುದ್ದೆಯಾಗುವುದು ಇದರಿಂದಲೇ.

ಕನ್ನಡ ಲಿಪಿಗೆ ಈ ಹರಡುವಿಕೆ ಇಂಗ್ಲಿಷಿಗಿಂತ ಹೆಚ್ಚು ಕಾಡುತ್ತದೆ. ಎಂಟು ಪಾಯಿಂಟಿನಲ್ಲಿ ‘ಕೃಷ್ಣ’ ಎಂದು ಅಗ್ಗದ ನ್ಯೂಸ್‌ಪ್ರಿಂಟಿನಲ್ಲಿ ಅಚ್ಚಾದದ್ದನ್ನು ಭೂತಗನ್ನಡಿಯಲ್ಲಿ ನೋಡಿ. ಷ ಓದಬಹುದು, ಅದರ ಕೆಳಗಿನ ಣ ಒತ್ತಿನ ಸುಳಿಗಳು ತುಂಬಿ ಒಂದು ಉಂಡೆಯಾಗಿರುತ್ತವೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಟ್ಟರೆ ತೊಂದರೆ ತಿರುಗುಮುರುಗಾಗುತ್ತದೆ: ಸುತ್ತಲಿನ ಶಾಯಿ ಅಕ್ಷರದೊಳಕ್ಕೆ ಹರಿದು ತೆಳು ಗೀಟುಗಳನ್ನು ನುಂಗುತ್ತದೆ. ಮೊದಲು ಹೋಗುವುದು ಮಹಾಪ್ರಾಣದ ಹೊಟ್ಟೆ ಸೀಳುವ ಗೀಟು. ಆಗ ‘ಧನ’ ಇದ್ದದ್ದು ‘ದನ’ವಾಗುತ್ತದೆ. ಕರಡು ತಿದ್ದುವವರ ಕಣ್ಣಿಗೆ ಇದು ಬೀಳುವುದಿಲ್ಲ, ಯಾಕೆಂದರೆ ಅವರು ನೋಡಿದ ಪ್ರತಿಯಲ್ಲಿ ಗೀಟು ಇತ್ತು. ಸಾದಾ ಕಾಗದದಲ್ಲಿ ಪಠ್ಯ 10 ಪಾಯಿಂಟಿಗಿಂತ ಕೆಳಗೆ ಇಳಿಸಬೇಡಿ, ಸಾಲಿನ ಅಂತರ 15ರಿಂದ 16 ಪಾಯಿಂಟ್ ಇರಲಿ. ಬಿಳಿ ಅಕ್ಷರ ಬಿಡಲೇಬೇಕಾದರೆ 11 ಪಾಯಿಂಟ್ ಮತ್ತು ಒಂದು ಹಂತ ದಪ್ಪದ ಫಾಂಟ್.

ಗ್ಲಾಸಿ, ಮ್ಯಾಟ್‌ಗಳ ವಿಷಯದಲ್ಲಿ ನಮ್ಮ ಒಲವು ಮ್ಯಾಟ್ ಕಡೆಗೆ. ಫೋಟೋಗಳೇ ತುಂಬಿದ ಕ್ಯಾಟಲಾಗಿಗೆ ಗ್ಲಾಸಿ ಒಪ್ಪುತ್ತದೆ, ನಾಲ್ಕು ಸಾಲಿಗಿಂತ ಹೆಚ್ಚು ಓದಿಸುವುದಿದ್ದರೆ ದೀಪದ ಪ್ರತಿಫಲನ ಕಣ್ಣಿಗೆ ಹೊಡೆಯುತ್ತದೆ. ಮ್ಯಾಟಿಗೂ ಒಂದು ಕೆಟ್ಟ ಗುಣವಿದೆ: ಗಾಢ ಬಣ್ಣ ತುಂಬಿದ ಪುಟದ ಶಾಯಿ ಒಣಗಿದ ಮೇಲೂ ಎದುರಿನ ಪುಟಕ್ಕೆ ಉಜ್ಜಿ ಗುರುತು ಬಿಡುತ್ತದೆ. ಅಂಥ ಪುಟವಿದ್ದರೆ ಮೇಲೊಂದು ವಾರ್ನಿಷ್ ಹೊಡೆಯಲು ಮೊದಲೇ ಹೇಳಿ.

ಕಾಗದದ ಬಿಳುಪೂ ಒಂದೇ ಅಲ್ಲ. ಕಣ್ಣು ಕೋರೈಸುವ ನೀಲಿ ಛಾಯೆಯ ಬಿಳಿ ಹಾಳೆಯಲ್ಲಿ ಆಪ್ಟಿಕಲ್ ಬ್ರೈಟ್ನರ್ ಎಂಬ ರಾಸಾಯನಿಕ ಇರುತ್ತದೆ. ಯುವಿ ಟಾರ್ಚ್ ಹಿಡಿದರೆ ಹಾಳೆ ನೀಲಿಯಾಗಿ ಹೊಳೆಯುತ್ತದೆ. ಬಿಸಿಲಿನಲ್ಲಿ ಈ ಗುಣ ಕ್ರಮೇಣ ಇಳಿದು ಹಾಳೆ ಹಳದಿಗೆ ತಿರುಗುತ್ತದೆ. ಉದ್ದಕ್ಕೂ ಓದುವ ಪುಸ್ತಕಕ್ಕೆ ಕೆನೆಬಣ್ಣದ ಕಾಗದ ಹಿತ. ಆದರೆ ಅದರ ಮೇಲೆ ಬಣ್ಣದ ಚಿತ್ರ ಹಾಕಿದರೆ ಕಾಗದದ ಹಳದಿಯೂ ಸೇರಿಕೊಂಡು ತಿಳಿನೀಲಿ ಆಕಾಶ ಹಸಿರಿಗೆ ವಾಲುತ್ತದೆ. ಹಿಂದಿನ ಪುಟದ ಅಚ್ಚು ಈಚೆ ಕಾಣುತ್ತದೆಯೇ ಎಂದು ತಿಳಿಯಲು ದಪ್ಪ ಕಪ್ಪು ಪಟ್ಟಿ ಮುದ್ರಿಸಿದ ಹಾಳೆಯ ಮೇಲೆ ಮಾದರಿಯನ್ನಿಟ್ಟು ನೋಡಿ. ಪಟ್ಟಿಯ ಅಂಚು ಎಣಿಸುವಷ್ಟು ಸ್ಪಷ್ಟವಾಗಿದ್ದರೆ ಎರಡೂ ಬದಿ ಮುದ್ರಿಸಲು ಆ ಕಾಗದ ಬೇಡ.

ನಾರಿನ ದಿಕ್ಕು

ಇದಕ್ಕೆ ಬೇರೆ ತಲೆಬರಹ ಕೊಟ್ಟಿರುವುದು ಬೇಕೆಂತಲೇ. ಕಾಗದ ಗಿರಣಿಯಲ್ಲಿ ನೀರು ಬೆರೆತ ನಾರು ಓಡುವ ಜಾಲರಿಯ ಮೇಲೆ ಬೀಳುವಾಗ ಓಟದ ದಿಕ್ಕಿಗೆ ತಿರುಗಿ ಮಲಗುತ್ತದೆ. ಪ್ರೆಸ್ಸಿನಲ್ಲಿ ಇದನ್ನೇ ಗ್ರೇನ್ ಎನ್ನುವುದು. ನಾರು ತೇವ ಹೀರಿದಾಗ ಉದ್ದಕ್ಕೆ ಹಿಗ್ಗುವುದು ತೀರ ಕಡಿಮೆ, ಅಗಲಕ್ಕೆ ಹಿಗ್ಗುವುದು ಹೆಚ್ಚು. ಗ್ರೇನಿನ ಗುಂಟ ಮಡಿಸಿದರೆ ನಾರು ಪಕ್ಕಕ್ಕೆ ಸರಿದು ಮಡಿಕೆ ನೀಟಾಗಿ ಬರುತ್ತದೆ, ಅಡ್ಡಕ್ಕೆ ಮಡಿಸಿದರೆ ಮುರಿಯುತ್ತದೆ.

ದಿಕ್ಕು ಕಂಡುಹಿಡಿಯುವುದು ಹೀಗೆ:

1. ಹಾಳೆಯಿಂದ ಚೌಕವಾದ ತುಂಡು ಕತ್ತರಿಸಿ, ಮೂಲ ಹಾಳೆಯ ಉದ್ದ ಯಾವ ಕಡೆಗಿತ್ತು ಎಂದು ಪೆನ್ಸಿಲಿನಲ್ಲಿ ಬಾಣ ಹಾಕಿ.
2. ತುಂಡನ್ನು ಒಂದು ದಿಕ್ಕಿಗೆ ಮೆಲ್ಲಗೆ ಬಾಗಿಸಿ, ತಿರುಗಿಸಿ ಇನ್ನೊಂದು ದಿಕ್ಕಿಗೆ ಬಾಗಿಸಿ. ಸುಲಭವಾಗಿ ಬಾಗಿದಾಗ ಬಾಗಿನ ಗೆರೆ ಯಾವ ಕಡೆಗಿದೆಯೋ ಅದೇ ಗ್ರೇನ್.
3. ಅನುಮಾನವಿದ್ದರೆ ಹರಿಯಿರಿ. ಗ್ರೇನಿನ ಗುಂಟ ಹರಿದರೆ ಸೀಳು ನೇರವಾಗಿ ಓಡುತ್ತದೆ, ಅಡ್ಡಕ್ಕೆ ಹರಿದರೆ ಹಲ್ಲುಹಲ್ಲಾಗಿ ಸೊಟ್ಟ ಹೋಗುತ್ತದೆ.
4. ತೆಳು ಹಾಳೆಯಾದರೆ ಒಂದು ಬದಿ ಒದ್ದೆ ಮಾಡಿ. ತುಂಡು ಕೊಳವೆಯಂತೆ ಸುರುಳಿಯಾಗುತ್ತದೆ, ಕೊಳವೆ ನಿಂತ ದಿಕ್ಕೇ ಗ್ರೇನ್.

ಪುಸ್ತಕದಲ್ಲಿ ಗ್ರೇನ್ ಬೆನ್ನಿಗೆ ಸಮಾನಾಂತರವಾಗಿರಬೇಕು. ಅಡ್ಡವಾದರೆ ಪುಟಗಳು ಬಿರುಸಾಗಿ ನಿಂತು ಪುಸ್ತಕ ಮುಚ್ಚಿಕೊಳ್ಳುತ್ತದೆ, ಬೆನ್ನಿನ ಅಂಟಿನ ತೇವಕ್ಕೆ ಹಾಳೆ ಹಿಗ್ಗಿ ಒಳ ಅಂಚು ಅಲೆಅಲೆಯಾಗುತ್ತದೆ. ಕಾಗದ ಉಳಿಸಲೆಂದು ಮುದ್ರಣದ ದೊಡ್ಡ ಶೀಟಿನಲ್ಲಿ ಪುಟಗಳನ್ನು ಅಡ್ಡ ತಿರುಗಿಸಿ ಕೂರಿಸುವುದೇ ಇದಕ್ಕೆ ಸಾಮಾನ್ಯ ಕಾರಣ. ಕೊಟೇಶನ್ ಕೇಳುವಾಗಲೇ ‘ಗ್ರೇನ್ ಬೆನ್ನಿನ ಗುಂಟ’ ಎಂದು ಬರೆದುಬಿಡಿ.

ಮೂರನೆಯದು: ಖಾಲಿ ಡಮ್ಮಿ

ಆರಿಸಿದ ಕಾಗದದಲ್ಲೇ, ನಿಜ ಅಳತೆಯಲ್ಲೇ, ಏನೂ ಮುದ್ರಿಸದ ಒಂದು ಪ್ರತಿ ಮಾಡಿಸಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ತಪ್ಪು ಹಿಡಿಯುವ ಉಪಾಯ ಇನ್ನೊಂದಿಲ್ಲ. ಮೂರು ಸಂಗತಿ ಡಮ್ಮಿಯಲ್ಲೇ ಬಯಲಾಗುತ್ತವೆ.

ಒಂದು, ಬೆನ್ನಿನ ಅಗಲ. 240 ಪುಟವೆಂದರೆ 120 ಹಾಳೆ. ಹಾಳೆಯ ದಪ್ಪ 0.1 ಮಿ.ಮೀ. ಇದ್ದರೆ 12 ಮಿ.ಮೀ., ಮುಖಪುಟದ ಎರಡು ಬದಿ ತಲಾ 0.3 ಸೇರಿಸಿ 12.6 ಮಿ.ಮೀ. ಲೆಕ್ಕ ಸರಿ, ಆದರೆ ಡಮ್ಮಿಯ ಬೆನ್ನನ್ನು ಅಳೆದ ಮೇಲೆಯೇ ಮುಖಪುಟದ ಫೈಲು ಅಂತಿಮ ಮಾಡಿ. ಬೆನ್ನಿನ ಮೇಲಿನ ಹೆಸರು ಒಂದು ಮಿ.ಮೀ. ಜರುಗಿದರೂ ಕಪಾಟಿನಲ್ಲಿಟ್ಟಾಗ ಕಣ್ಣಿಗೆ ಹೊಡೆಯುತ್ತದೆ.

ಎರಡು, ಮಡಿಕೆಯ ಲೆಕ್ಕ. ಎ4 ಹಾಳೆಯನ್ನು ಮೂರು ಪಾಲಾಗಿ ಒಳಕ್ಕೆ ಮಡಿಸುವಾಗ 297ನ್ನು ಸಮನಾಗಿ 99, 99, 99 ಎಂದು ಹಂಚಿದರೆ ಒಳಗೆ ಹೋಗುವ ಪಾಲು ಮಡಿಕೆಗೆ ತಾಕಿ ಉಬ್ಬುತ್ತದೆ. 100, 100, 97 ಎಂದು ಹಂಚಿ, ಒಳ ಸೇರುವುದಕ್ಕೆ 97 ಕೊಡಿ. ಹಾಳೆಯ ಹಿಂಬದಿಯಲ್ಲಿ ಈ ಕ್ರಮ ಕನ್ನಡಿಯಂತೆ ತಿರುಗುತ್ತದೆ ಎಂಬುದನ್ನು ಮರೆತು ಎರಡೂ ಬದಿಗೆ ಒಂದೇ ಗೈಡ್ ಗೆರೆ ಹಾಕುವವರು ಬಹಳ.

ಮೂರು, ಪಿನ್ ಹೊಡೆದ ಪುಸ್ತಿಕೆಯ ಒಳಪುಟಗಳ ತೆವಳಿಕೆ. ಒಂದರೊಳಗೊಂದು ಸೇರಿಸಿದ ಹಾಳೆಗಳಲ್ಲಿ ನಡುವಿನವು ಹೊರಕ್ಕೆ ಚಾಚುತ್ತವೆ. 64 ಪುಟದ ಪುಸ್ತಿಕೆಯಲ್ಲಿ 16 ಹಾಳೆ, 0.1 ಮಿ.ಮೀ. ದಪ್ಪಕ್ಕೆ ಸುಮಾರು ಒಂದೂವರೆ ಮಿ.ಮೀ. ಅಂಚು ಕತ್ತರಿಸಿದಾಗ ನಡುಪುಟಗಳ ಹೊರ ಅಂಚಿನಿಂದ ಅಷ್ಟು ಹೋಗುತ್ತದೆ, ಅಂಚಿಗೆ ಅಂಟಿಸಿದ ಪುಟಸಂಖ್ಯೆಯೂ ಅದರ ಜೊತೆಗೆ. ಸೆಂಟರ್ ಪಿನ್ನಿಗೆ ಪುಟಗಳು ನಾಲ್ಕರ ಗುಣಕವಾಗಿರಬೇಕು, 80 ಜಿಎಸ್‌ಎಂನಲ್ಲಿ 64 ಪುಟ ದಾಟಿದರೆ ಪರ್ಫೆಕ್ಟ್ ಬೈಂಡಿಂಗ್ (ಬೆನ್ನಿಗೆ ಅಂಟು ಹಾಕಿ ಕಟ್ಟುವುದು) ಯೋಚಿಸಿ. ಪರ್ಫೆಕ್ಟ್ ಬೈಂಡಿಂಗಿಗೆ ಬೆನ್ನು ಕನಿಷ್ಠ 3 ಮಿ.ಮೀ. ಬೇಕು. ದಪ್ಪ ಆರ್ಟ್ ಪೇಪರಿನ ಪುಸ್ತಕವನ್ನು ಸಾಮಾನ್ಯ ಬಿಸಿ ಅಂಟಿನಲ್ಲಿ ಕಟ್ಟಿದರೆ ಪುಟ ಉದುರುತ್ತದೆ, ಪಿಯುಆರ್ ಎಂಬ ಪಾಲಿಯುರೆಥೇನ್ ಅಂಟು ಅಥವಾ ಹೊಲಿಗೆ ಕೇಳಿ. ಅಂಟು ಬೀಳುವ ಜಾಗಕ್ಕೆ ಶಾಯಿ, ವಾರ್ನಿಷ್, ಲ್ಯಾಮಿನೇಷನ್ ಯಾವುದೂ ಬರಬಾರದು.

ನಾಲ್ಕನೆಯದು: ಮುದ್ರಣ ವಿಧಾನ

ಆಫ್‌ಸೆಟ್ಟಿನ ಬೇರು ಅಲೋಯಿಸ್ ಸೆನೆಫೆಲ್ಡರ್ 1796ರಲ್ಲಿ ಕಂಡುಕೊಂಡ ಕಲ್ಲಚ್ಚಿನಲ್ಲಿದೆ. ಎಣ್ಣೆ, ನೀರು ಕೂಡುವುದಿಲ್ಲ ಎಂಬುದೇ ಎರಡರ ಗುಟ್ಟು. ಅಲ್ಯುಮಿನಿಯಂ ಪ್ಲೇಟಿನಲ್ಲಿ ಚಿತ್ರವಿರುವ ಕಡೆ ಎಣ್ಣೆಶಾಯಿ ಹಿಡಿಯುತ್ತದೆ, ಉಳಿದ ಕಡೆ ನೀರು. ಪ್ಲೇಟಿನಿಂದ ರಬ್ಬರ್ ಬ್ಲಾಂಕೆಟ್ಟಿಗೆ, ಅಲ್ಲಿಂದ ಕಾಗದಕ್ಕೆ. ಬಣ್ಣಕ್ಕೊಂದು ಪ್ಲೇಟ್, ಬಣ್ಣ ಹೊಂದಿಸುವಷ್ಟರಲ್ಲಿ ನೂರಾರು ಶೀಟು ರದ್ದಿಗೆ. ಇದೆಲ್ಲ ಮೊದಲ ಪ್ರತಿಗಿಂತ ಮುಂಚಿನ ಖರ್ಚು, ಆಮೇಲಿನ ಪ್ರತಿಗಳು ಅಗ್ಗ.

ಡಿಜಿಟಲ್‌ನಲ್ಲಿ ಪ್ಲೇಟಿಲ್ಲ. ಮೊದಲ ಪ್ರತಿಗೂ ಐನೂರನೆಯದಕ್ಕೂ ಹೆಚ್ಚುಕಡಿಮೆ ಒಂದೇ ಖರ್ಚು, ಪ್ರತಿ ಹಾಳೆಯಲ್ಲೂ ಬೇರೆ ಹೆಸರು, ಬೇರೆ ಸಂಖ್ಯೆ ಹಾಕಬಹುದು. ಎರಡರ ನಡುವೆ ಎಲ್ಲಿ ದಾಟಬೇಕು ಎನ್ನುವುದಕ್ಕೆ ಸರಳ ಲೆಕ್ಕವಿದೆ: ಆಫ್‌ಸೆಟ್ಟಿನ ಸಿದ್ಧತೆಯ ಖರ್ಚನ್ನು, ಡಿಜಿಟಲ್ ಪ್ರತಿಯ ಖರ್ಚಿನಿಂದ ಆಫ್‌ಸೆಟ್ ಪ್ರತಿಯ ಖರ್ಚು ಕಳೆದು ಬಂದದ್ದರಿಂದ ಭಾಗಿಸಿ. ಸಿದ್ಧತೆಗೆ 600 ಪಾಲು, ಆಫ್‌ಸೆಟ್ ಪ್ರತಿಗೆ 1, ಡಿಜಿಟಲ್ ಪ್ರತಿಗೆ 3 ಎಂದಾದರೆ 600 ÷ 2, ಅಂದರೆ 300 ಪ್ರತಿ. ಅಲ್ಲಿಂದಾಚೆಗೆ ಆಫ್‌ಸೆಟ್ ಲಾಭ. ಲೆಕ್ಕಕ್ಕೆ ಸಿಗದ ಒಂದು ಅಂಶವೂ ಇದೆ. ಹೆಚ್ಚು ಮಾಡಿಸಿದರೆ ಅಗ್ಗವೆಂದು ಎರಡು ಸಾವಿರ ಹಾಕಿಸಿ, ವಿಳಾಸ ಬದಲಾಗಿ ಸಾವಿರದೈನೂರನ್ನು ರದ್ದಿಗೆ ಹಾಕುವುದು ಅಗ್ಗವಲ್ಲ.

ಡಿಜಿಟಲ್ ಮುದ್ರಣದ ಟೋನರ್ ಯಂತ್ರದ ಒಂದು ಸ್ವಭಾವ ವಿನ್ಯಾಸಕರಿಗೆ ಗೊತ್ತಿರಬೇಕು. ಟೋನರ್ ಎಂದರೆ ಕಾಗದದ ಮೇಲೆ ಬಿಸಿಯಲ್ಲಿ ಕರಗಿ ಕೂತ ಪ್ಲಾಸ್ಟಿಕ್ ಪದರ. ಅದು ಒಳಕ್ಕೆ ಇಳಿದಿರುವುದಿಲ್ಲ. ಹಾಗಾಗಿ ಮಡಿಕೆಯಲ್ಲಿ ಚಕ್ಕೆಯೇಳುತ್ತದೆ. ಒರಟು ಟೆಕ್ಸ್‌ಚರ್ ಕಾಗದದ ತಗ್ಗುಗಳಿಗೆ ಅದು ತಲುಪದೆ ಗಾಢ ಬಣ್ಣದಲ್ಲಿ ಬಿಳಿ ಚುಕ್ಕಿಗಳು ಉಳಿಯುತ್ತವೆ. ಮಡಿಕೆಯ ಮೇಲೆ ಕಡುಬಣ್ಣ ಹರಿಸಬೇಡಿ, ಹರಿಸಲೇಬೇಕಾದರೆ ಕ್ರೀಸ್ ಮಾಡಿಸಿ (ಮಡಿಸುವ ಮುನ್ನ ಗೆರೆ ಒತ್ತುವುದು), ಲ್ಯಾಮಿನೇಷನ್ ಹಾಕಿಸಿ. ಲೆಟರ್‌ಹೆಡ್ಡಿಗೆ ಇನ್ನೊಂದು ಎಚ್ಚರ: ಕಚೇರಿಯವರು ಅದನ್ನು ಲೇಸರ್ ಪ್ರಿಂಟರಿಗೆ ಹಾಕುತ್ತಾರೆ. ಪುಡಿ ಸುರಿದು ಬಿಸಿಮಾಡಿ ಉಬ್ಬಿಸಿದ ಥರ್ಮೋಗ್ರಫಿ ಅಕ್ಷರ ಅಲ್ಲಿ ಮತ್ತೆ ಕರಗಿ ರೋಲರಿಗೆ ಮೆತ್ತಿಕೊಳ್ಳುತ್ತದೆ.

ಜಾಲರಿಯ ಮೂಲಕ ಶಾಯಿ ಒತ್ತುವ ಸ್ಕ್ರೀನ್ ಪ್ರಿಂಟಿಂಗಿನ ಬಲ ಶಾಯಿಯ ದಪ್ಪ. ಕಪ್ಪು ಅಥವಾ ಕ್ರಾಫ್ಟ್ ಕಾಗದದ ಮೇಲೆ ಮುಚ್ಚಿಕೊಳ್ಳುವಂಥ ಬಿಳಿ ಬೇಕೆಂದರೆ ಮೊದಲು ಇದನ್ನೇ ನೆನೆಯಿರಿ. ಸಾಮಾನ್ಯ ಆಫ್‌ಸೆಟ್ ಶಾಯಿ ಪಾರದರ್ಶಕ, ಕಂದು ಕಾಗದದ ಮೇಲೆ ಹಳದಿ ಹಾಕಿದರೆ ಸಿಗುವುದು ಇನ್ನಷ್ಟು ಕಂದು. ಕಾಗದಕ್ಕೆ ಸೆಂಟಿಮೀಟರಿಗೆ 90ರಿಂದ 120 ಎಳೆಯ ಜಾಲರಿ, ಬಟ್ಟೆಗೆ 43ರಿಂದ 55. ಚುಕ್ಕಿಗಳಿಂದ ಛಾಯೆ ತೋರಿಸುವ ಹಾಫ್‌ಟೋನ್ ಹಾಕುವುದಾದರೆ ಇಂಚಿಗೆ ಎಷ್ಟು ಸಾಲು ಚುಕ್ಕಿಯಿದೆಯೋ ಅದರ ನಾಲ್ಕೈದು ಪಟ್ಟು ಎಳೆ ಇಂಚಿಗೆ ಇರಬೇಕು, ಕಡಿಮೆಯಾದರೆ ಚುಕ್ಕಿಗಳೂ ಜಾಲರಿಯೂ ಸೇರಿ ಬೇಡದ ಅಲೆಯ ಮಾದರಿ ಮೂಡುತ್ತದೆ.

ರಿಸೋಗ್ರಾಫ್ ಎಂಬ ಸ್ಟೆನ್ಸಿಲ್ ಮುದ್ರಣ ಯಂತ್ರದಲ್ಲಿ ಬಣ್ಣಕ್ಕೊಂದು ಡ್ರಮ್, ಚಿತ್ರಕ್ಕೊಂದು ಸ್ಟೆನ್ಸಿಲ್. ಬಣ್ಣಗಳು ಒಂದೆರಡು ಮಿ.ಮೀ. ಆಚೀಚೆ ಬೀಳುವುದು ಅದರ ಗುಣ, ಅದನ್ನು ಒಪ್ಪಿಯೇ ವಿನ್ಯಾಸ ಮಾಡಿ. ಎಣ್ಣೆ ಆಧಾರದ ಶಾಯಿ ಹೀರಿಕೊಂಡರಷ್ಟೇ ನಿಲ್ಲುತ್ತದೆಯಾದ್ದರಿಂದ ಸಾದಾ ಕಾಗದ ಕಡ್ಡಾಯ. ಆಗಲೂ ಗಾಢ ಭಾಗ ಬೆರಳಿಗೆ ಅಂಟುತ್ತದೆ, ಪುಸ್ತಿಕೆಯ ಮುಖಪುಟವನ್ನು ಒಂದೇ ಕಡುಬಣ್ಣದಿಂದ ತುಂಬಬೇಡಿ. ಫೈಲನ್ನು ಬಣ್ಣಕ್ಕೊಂದರಂತೆ ಗ್ರೇಸ್ಕೇಲಿನಲ್ಲಿ ಕೊಡಬೇಕು.

ಉಬ್ಬಿದ ಅಕ್ಷರಕ್ಕೆ ಶಾಯಿ ಹಚ್ಚಿ ಒತ್ತುವ ಲೆಟರ್‌ಪ್ರೆಸ್ಸಿನ ಚೆಲುವು ಕಾಗದದೊಳಕ್ಕೆ ಒತ್ತಿದ ತಗ್ಗಿನಲ್ಲಿದೆ, ಅದಕ್ಕೆ 300 ಜಿಎಸ್‌ಎಂ ಮೇಲ್ಪಟ್ಟ ಮೆತ್ತನೆಯ ಹತ್ತಿ ಕಾಗದವೇ ಬೇಕು. ದೊಡ್ಡ ಗಾಢ ಭಾಗಗಳು ಮಚ್ಚೆಮಚ್ಚೆಯಾಗಿ ಬರುತ್ತವೆ. ಲೈಟ್ ತೂಕದ ಕನ್ನಡ ಫಾಂಟಿನ ತೆಳು ತುದಿಗಳು ಬೆಳಕು ಬಿದ್ದಲ್ಲಿ ಗಟ್ಟಿಯಾಗುವ ಫೋಟೋಪಾಲಿಮರ್ ಪ್ಲೇಟಿನಲ್ಲಿ ಹಿಡಿಯದೆ ತೊಳೆದುಹೋಗುತ್ತವೆ, ಯಾವ ಗೆರೆಯೂ 0.35 ಪಾಯಿಂಟಿಗಿಂತ ಸಣ್ಣದಾಗದಂತೆ ನೋಡಿಕೊಳ್ಳಿ. ಫ್ಲೆಕ್ಸೋ, ಗ್ರಾವ್ಯೂರ್ ಎರಡೂ ಲಕ್ಷಗಟ್ಟಲೆ ಪೊಟ್ಟಣ, ಲೇಬಲ್ ಮುದ್ರಿಸುವವರ ಮಾತು, ಅಲ್ಲಿ ವಿನ್ಯಾಸಕ್ಕಿಂತ ಮೊದಲೇ ಕಾರ್ಖಾನೆಯವರ ತಾಂತ್ರಿಕ ಪಟ್ಟಿ ತರಿಸಿಕೊಳ್ಳಬೇಕು.

ಐದನೆಯದು: ಬಣ್ಣ

ಪರದೆಯ ಬೆಳಕಿನ ಬಣ್ಣ ಮತ್ತು ಕಾಗದದ ಶಾಯಿಯ ಬಣ್ಣ ಒಂದೇ ಅಲ್ಲ. ಹೊಳೆಯುವ ಕಿತ್ತಳೆ, ಎಳೆ ಹಸಿರು, ನೇರಳೆಗೆ ತಿರುಗುವ ನೀಲಿ ಇವು ಸಿಎಂವೈಕೆಯಲ್ಲಿ, ಅಂದರೆ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ಬೆರಕೆಯಲ್ಲಿ, ಸಿಗುವುದಿಲ್ಲ. ಬೇಕೇಬೇಕಾದರೆ ಸಂಖ್ಯೆಯಿಂದ ಗುರುತಿಸಿ ಮೊದಲೇ ಬೆರೆಸಿದ ಪ್ಯಾಂಟೋನ್ ಶಾಯಿಯ ಐದನೇ ಪ್ಲೇಟ್ ಹಾಕಿಸಿ. ಪ್ಯಾಂಟೋನ್ ಸಂಖ್ಯೆಯ ಕೊನೆಯಲ್ಲಿ ಬರುವ ಸಿ ಮತ್ತು ಯು ಬೇರೆ ಶಾಯಿಗಳಲ್ಲ. ಒಂದೇ ಡಬ್ಬಿಯ ಶಾಯಿ ಲೇಪನವಿರುವ ಕಾಗದದಲ್ಲೂ ಸಾದಾ ಕಾಗದದಲ್ಲೂ ಹೇಗೆ ಕಾಣುತ್ತದೆ ಎಂಬುದರ ಗುರುತು. ಸಿ ಪುಸ್ತಕ ನೋಡಿ ಬಣ್ಣ ಆರಿಸಿ ಸಾದಾ ಕಾಗದದ ಮೇಲೆ ಮುದ್ರಿಸಿದರೆ ಕಂಪನಿಯ ಲಾಂಛನ ಬೇರೆ ಕಂಪನಿಯದ್ದಾಗಿ ಬರುತ್ತದೆ.

ಫೋಟೋಗಳನ್ನು ಸಿಎಂವೈಕೆಗೆ ತಿರುಗಿಸುವಾಗ ಕಾಗದಕ್ಕೆ ತಕ್ಕ ಪ್ರೊಫೈಲ್ (ಆ ಕಾಗದದಲ್ಲಿ ಬಣ್ಣ ಹೇಗೆ ಬರುತ್ತದೆ ಎಂಬ ವಿವರದ ಫೈಲು) ಆರಿಸಿ. ಜರ್ಮನಿಯ ಮುದ್ರಣ ಸಂಶೋಧನಾ ಸಂಸ್ಥೆ ಫೋಗ್ರಾದ ಅಳತೆಗಳಲ್ಲಿ ಆರ್ಟ್ ಪೇಪರಿಗೆ ಫೋಗ್ರಾ 51, ಸಾದಾ ಕಾಗದಕ್ಕೆ ಫೋಗ್ರಾ 52 ಆಧಾರದ ಪ್ರೊಫೈಲುಗಳಿವೆ, ಪ್ರೆಸ್ಸಿನವರು ತಮ್ಮದೇ ಕೊಟ್ಟರೆ ಅದೇ ಸರಿ. ನಾಲ್ಕು ಬಣ್ಣಗಳ ಶೇಕಡಾ ಕೂಡಿಸಿದ ಒಟ್ಟು ಶಾಯಿ ಆರ್ಟ್ ಪೇಪರಿನಲ್ಲಿ 300, ಸಾದಾ ಕಾಗದದಲ್ಲಿ 260ರಿಂದ 280, ನ್ಯೂಸ್‌ಪ್ರಿಂಟಿನಲ್ಲಿ 220ರಿಂದ 240 ದಾಟಬಾರದು. ದಾಟಿದರೆ ಶಾಯಿ ಒಣಗದೆ ಮೇಲೆ ಬಿದ್ದ ಶೀಟಿನ ಬೆನ್ನಿಗೆ ಅಚ್ಚಾಗುತ್ತದೆ.

ದೊಡ್ಡ ಕಪ್ಪು ಹರವಿಗೆ ಬರೀ ಕಪ್ಪು ಶಾಯಿ ಸಾಲದು, ಬೂದು ಬೂದಾಗಿ ಕಾಣುತ್ತದೆ. ಆರ್ಟ್ ಪೇಪರಿನಲ್ಲಿ ಸಯಾನ್ 60, ಮಜೆಂಟಾ 40, ಹಳದಿ 40, ಕಪ್ಪು 100 ಹಾಕಿದರೆ ಒಟ್ಟು 240, ಆಳವಾದ ಕಪ್ಪು. ಪಠ್ಯಕ್ಕೆ ಮಾತ್ರ ಇದನ್ನು ಮುಟ್ಟಬೇಡಿ. ನಾಲ್ಕು ಪ್ಲೇಟ್ ಕೂದಲೆಳೆಯಷ್ಟು ಜರುಗಿದರೂ ಒತ್ತಕ್ಷರಗಳ ಸುತ್ತ ಬಣ್ಣದ ನೆರಳು ಏಳುತ್ತದೆ. ಪಠ್ಯ ಯಾವಾಗಲೂ ಕಪ್ಪು 100 ಮಾತ್ರ, ಓವರ್‌ಪ್ರಿಂಟ್ (ಕೆಳಗಿನ ಬಣ್ಣ ಕತ್ತರಿಸದೆ ಅದರ ಮೇಲೆಯೇ ಮುದ್ರಿಸುವುದು) ಹಾಕಿ. ಕಂದು, ಕಡುಹಸಿರು ಪಠ್ಯದ ಆಸೆಯಿದ್ದರೆ ಅದಕ್ಕೆ ಪ್ರತ್ಯೇಕ ಶಾಯಿಯ ಒಂದೇ ಪ್ಲೇಟ್.

ಆರನೆಯದು: ಫಿನಿಶಿಂಗ್

170 ಜಿಎಸ್‌ಎಂ ದಾಟಿದ ಯಾವ ಹಾಳೆಯನ್ನೂ ಕ್ರೀಸ್ ಮಾಡದೆ ಮಡಿಸಬೇಡಿ. ಕ್ರೀಸಿಂಗಿನಲ್ಲಿ ಹಾಳೆಯ ಒಂದು ಬದಿ ತಗ್ಗು, ಇನ್ನೊಂದು ಬದಿ ಉಬ್ಬು ಏಳುತ್ತದೆ. ಉಬ್ಬು ಮಡಿಕೆಯ ಒಳಗೆ ಬರಬೇಕು. ತಗ್ಗಿನ ಕಡೆಗೆ ಮಡಿಸುವುದೇ ಸರಿ ಎಂದು ಕೈಗೆ ಅನ್ನಿಸುತ್ತದೆ, ಹಾಗೆ ಮಾಡಿದರೆ ಹೊರಬದಿಯ ನಾರು ಎಳೆದು ಬಿರಿಯುತ್ತದೆ.

ಲ್ಯಾಮಿನೇಷನ್ ಒಂದೇ ಬದಿಗೆ ಹಾಕಿದ ಮುಖಪುಟ ಸುರುಳಿಯಾಗುವುದು ಏಕೆಂದರೆ ಫಿಲ್ಮಿಲ್ಲದ ಬದಿ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಇನ್ನೊಂದು ಬದಿಗೆ ಹಿಗ್ಗಲು ಬಿಡುವಿಲ್ಲ. ಗ್ರೇನ್ ಬೆನ್ನಿನ ಗುಂಟ ಇದ್ದು ಕಾರ್ಡ್ ದಪ್ಪವಿದ್ದರೆ ಪುಸ್ತಕದ ಭಾರಕ್ಕೆ ಅಷ್ಟಿಷ್ಟು ಹದಕ್ಕೆ ಬರುತ್ತದೆ. ಕಡುಗಪ್ಪು ಮುಖಪುಟಕ್ಕೆ ಸಾಮಾನ್ಯ ಮ್ಯಾಟ್ ಫಿಲ್ಮ್ ಹಾಕಿಸಿದವರು ಮೊದಲ ದಿನವೇ ಬೆರಳಚ್ಚು, ಗೀರು ನೋಡಿ ಪೇಚಾಡುತ್ತಾರೆ, ಗೀರು ತಡೆಯುವ ಮ್ಯಾಟ್ ಫಿಲ್ಮ್ ಬೇರೆಯೇ ಸಿಗುತ್ತದೆ, ಅದನ್ನು ಹೆಸರಿಟ್ಟು ಕೇಳಿ. ಡಿಜಿಟಲ್ ಮುದ್ರಣದ ಮೇಲೆ ಸಾಮಾನ್ಯ ಫಿಲ್ಮ್ ಗುಳ್ಳೆಯೆದ್ದು ಬಿಡುತ್ತದೆ, ಟೋನರಿಗೆಂದೇ ಹೆಚ್ಚು ಅಂಟಿರುವ ಫಿಲ್ಮ್ ಹಾಕಿಸಬೇಕು.

ಸ್ಪಾಟ್ ಯುವಿ, ಅಂದರೆ ಆರಿಸಿದ ಜಾಗಕ್ಕಷ್ಟೇ ಹಾಕುವ ಹೊಳಪು ಲೇಪ, ಮ್ಯಾಟ್ ಲ್ಯಾಮಿನೇಷನ್ ಮೇಲೆ ಹಾಕಿದರಷ್ಟೇ ಎದ್ದು ಕಾಣುತ್ತದೆ. ಅದು ಅರ್ಧ ಮಿ.ಮೀ. ಆಚೀಚೆ ಆಗಬಹುದು, ಆದ್ದರಿಂದ ಸಣ್ಣ ಅಕ್ಷರದ ಮೇಲೆ ಕರಾರುವಾಕ್ಕಾಗಿ ಕೂರಿಸಲು ಹೋಗಬೇಡಿ. ಲೋಹದ ಹೊಳಪಿನ ಪದರ ಒತ್ತುವ ಫಾಯಿಲ್ ಸ್ಟಾಂಪಿಂಗಿನಲ್ಲಿ ಗೆರೆಗಿಂತ ಗೆರೆಗಳ ನಡುವಿನ ಸಂದಿ ಮುಖ್ಯ, ಅರ್ಧ ಮಿ.ಮೀ.ಗಿಂತ ಕಡಿಮೆಯಿದ್ದರೆ ಫಾಯಿಲ್ ಸೇತುವೆ ಕಟ್ಟಿಕೊಳ್ಳುತ್ತದೆ. ‘ಜ್ಞ’, ‘ಷ್ಣ’ ಇರುವ ಹೆಸರನ್ನು ಚಿನ್ನದ ಫಾಯಿಲಿನಲ್ಲಿ 14 ಪಾಯಿಂಟಿಗಿಂತ ಸಣ್ಣದಾಗಿ ಹಾಕಿಸುವ ಮುನ್ನ ಒಂದು ಮಾದರಿ ಒತ್ತಿಸಿ ನೋಡಿ. ಯುವಿ, ಫಾಯಿಲ್, ಎಂಬಾಸಿಂಗ್ (ಉಬ್ಬಿಸುವುದು), ಡೈ ಕಟಿಂಗ್ (ಆಕಾರಕ್ಕೆ ಕತ್ತರಿಸುವುದು) ಪ್ರತಿಯೊಂದಕ್ಕೂ ಫೈಲಿನಲ್ಲಿ ಬೇರೆ ಸ್ಪಾಟ್ ಬಣ್ಣ (ನಾಲ್ಕು ಶಾಯಿಗೆ ಸೇರದ ಪ್ರತ್ಯೇಕ ಬಣ್ಣ), ವೆಕ್ಟರ್ ಆಕಾರ, ಓವರ್‌ಪ್ರಿಂಟ್ ಇರಲಿ. ಓವರ್‌ಪ್ರಿಂಟ್ ಮರೆತರೆ ಕೆಳಗಿನ ಬಣ್ಣ ಕತ್ತರಿಸಿಹೋಗಿ ಫಾಯಿಲಿನ ಅಂಚಿನಲ್ಲಿ ಬಿಳಿ ಗೆರೆ ಇಣುಕುತ್ತದೆ.

ಏಳನೆಯದು: ಫೈಲು

ಬ್ಲೀಡ್ (ಕಟಿಂಗ್ ಗೆರೆಯಾಚೆಗೂ ಹರಿಸಿದ ಬಣ್ಣ) ಎಲ್ಲ ಬದಿಗೂ 3 ಮಿ.ಮೀ., ಮುಖ್ಯ ಅಕ್ಷರಗಳು ಕಟಿಂಗ್ ಗೆರೆಯಿಂದ ಕನಿಷ್ಠ 5 ಮಿ.ಮೀ. ಒಳಗೆ. ಫೋಟೋ ಮುದ್ರಣದ ಅಳತೆಯಲ್ಲಿ 300 ಪಿಪಿಐ (ಇಂಚಿಗೆ ಇಷ್ಟು ಪಿಕ್ಸೆಲ್), ಸ್ಕ್ಯಾನ್ ಮಾಡಿದ ಕಪ್ಪುಬಿಳುಪು ರೇಖಾಚಿತ್ರ 1200. ದೂರದಿಂದ ನೋಡುವ ಪೋಸ್ಟರಿಗೆ 150 ಸಾಕು.

ಕನ್ನಡಕ್ಕೇ ಬರುವ ತಾಪತ್ರಯ ಬೇರೆ. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನಿನಲ್ಲಿ ಯೂನಿಕೋಡ್ ಕನ್ನಡ ಕೂರಿಸುವಾಗ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ನಿಲ್ಲುತ್ತವೆ. ಹಳೆಯ ಆಸ್ಕಿ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿದ್ದರೆ ಅರ್ಕಾವೊತ್ತು, ದೀರ್ಘ, ಅಂಕಿ, ಉದ್ಧರಣ ಚಿಹ್ನೆಗಳನ್ನು ಒಂದೊಂದಾಗಿ ಹುಡುಕಿ ಪರಿಶೀಲಿಸಿ. ಪ್ರೆಸ್ಸಿಗೆ ತೆರೆದ (ತಿದ್ದಬಹುದಾದ) ಫೈಲು ಕೊಡಬೇಡಿ, ಅಲ್ಲಿ ಆ ಫಾಂಟಿನ ಬೇರೆ ಆವೃತ್ತಿ ಇದ್ದರೆ ಸಾಲು ಒಡೆಯುವುದೇ ಬದಲಾಗುತ್ತದೆ. ಫಾಂಟುಗಳು ಒಳಸೇರಿದ, ಮುದ್ರಣಕ್ಕೆಂದೇ ಇರುವ ಪಿಡಿಎಫ್ ಬಗೆ ಪಿಡಿಎಫ್/ಎಕ್ಸ್-4 ಕೊಡಿ. ಕೊಡುವ ಮುನ್ನ ಆ ಪಿಡಿಎಫನ್ನೇ ತೆರೆದು, ಶೇ. 400ಕ್ಕೆ ಹಿಗ್ಗಿಸಿ, ಒತ್ತಕ್ಷರ ಹೆಚ್ಚಿರುವ ಎರಡು ಪುಟವನ್ನಾದರೂ ಕಣ್ಣಾರೆ ಓದಿ.

ಎಂಟನೆಯದು: ಪ್ರೂಫಿನಿಂದ ಡೆಲಿವರಿವರೆಗೆ

ಮೊಬೈಲಿಗೆ ಬಂದ ಪಿಡಿಎಫ್ ನೋಡಿ ಬಣ್ಣ ಒಪ್ಪುವುದಕ್ಕೆ ಅರ್ಥವಿಲ್ಲ. ಕಾಗುಣಿತಕ್ಕೆ ಅದು ಸಾಕು, ಬಣ್ಣಕ್ಕೆ ನಿಜ ಕಾಗದದ ಮೇಲಿನ ಪ್ರೂಫ್ ಬೇಕು. 5000 ಕೆಲ್ವಿನ್ ದೀಪದ ಕೆಳಗೆ ನೋಡಿ, ಅದಿಲ್ಲದಿದ್ದರೆ ಮಧ್ಯಾಹ್ನದ ಕಿಟಕಿ ಬೆಳಕಿನಲ್ಲಿ. ಹಳದಿ ಬಲ್ಬಿನ ಕೆಳಗೆ ಒಪ್ಪಿದ ಬೂದು ಬಣ್ಣ ಹಗಲಿನಲ್ಲಿ ಹಸಿರಾಗಿ ಕಂಡರೆ ಜಗಳವಾಡಿ ಪ್ರಯೋಜನವಿಲ್ಲ.

ಆಫ್‌ಸೆಟ್ ಯಂತ್ರದ ಬಳಿ ನಿಲ್ಲುವ ಅವಕಾಶ ಸಿಕ್ಕರೆ ನೋಡಬೇಕಾದ ಕ್ರಮ: ಮೊದಲು ಕಾಗದ ನೀವು ಹೇಳಿದ್ದೇ ಹೌದೇ, ಆಮೇಲೆ ಶೀಟಿನ ನಾಲ್ಕು ಮೂಲೆಯ ಗುರುತುಗಳಲ್ಲಿ ಬಣ್ಣಗಳು ಒಂದರ ಮೇಲೊಂದು ಕೂತಿವೆಯೇ, ಕೊನೆಗೆ ಬಣ್ಣದ ಪ್ರಮಾಣ. ಬಣ್ಣವನ್ನು ಮೊದಲು ತಿದ್ದಲು ಹೋದರೆ ಜರುಗಿದ ಪ್ಲೇಟಿನ ದೋಷವನ್ನೇ ಬಣ್ಣದ ದೋಷವೆಂದು ತಿಳಿದು ಯಂತ್ರದವರನ್ನು ಸುಮ್ಮನೆ ಸತಾಯಿಸುತ್ತೀರಿ. ಚರ್ಮದ ಬಣ್ಣ, ಬೂದು, ಲಾಂಛನ ಇವು ಮೂರು ಸರಿಯಿದ್ದರೆ ಉಳಿದದ್ದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಒಪ್ಪಿದ ಶೀಟಿಗೆ ಸಹಿ ಹಾಕಿ, ತಾರೀಕು ಬರೆದು ಅಲ್ಲೇ ಬಿಡಿ, ಒಂದನ್ನು ನೀವು ಇಟ್ಟುಕೊಳ್ಳಿ.

ಮುದ್ರಣ ಮುಗಿದ ಕೂಡಲೇ ಕಟಿಂಗಿಗೆ ಅವಸರಪಡಿಸಬೇಡಿ. ಎಣ್ಣೆಶಾಯಿ ಗಾಳಿಯ ಆಮ್ಲಜನಕ ಹಿಡಿದು ಗಟ್ಟಿಯಾಗಬೇಕು, ಅದಕ್ಕೆ ಒಂದು ದಿನವಾದರೂ ಬೇಕು, ಗಾಢ ಬಣ್ಣದ ಸಾದಾ ಕಾಗದಕ್ಕೆ ಎರಡು ದಿನ. ಅರ್ಧ ಒಣಗಿದ ಶೀಟುಗಳ ಮೇಲೆ ಕಟಿಂಗ್ ಯಂತ್ರದ ಒತ್ತು ಬಿದ್ದರೆ ಒಂದರ ಚಿತ್ರ ಇನ್ನೊಂದಕ್ಕೆ ಹತ್ತುತ್ತದೆ. ಡೆಲಿವರಿ ಬಂದಾಗ ಕಟ್ಟಿನ ಮೇಲಿನ ಪ್ರತಿ ಬಿಟ್ಟು ನಡುವಿನಿಂದ, ತಳದಿಂದ ತೆಗೆದು ನೋಡಿ. ಚೆನ್ನಾಗಿರುವ ಐದು ಪ್ರತಿಗಳನ್ನು ಬೆಳಕು ಬೀಳದ ಕಡೆ ಎತ್ತಿಟ್ಟು, ಒಂದರ ಹಿಂದೆ ಪೆನ್ಸಿಲಿನಲ್ಲಿ ಕಾಗದದ ಹೆಸರು, ಜಿಎಸ್‌ಎಂ, ಗ್ರೇನ್ ದಿಕ್ಕು, ಪ್ಯಾಂಟೋನ್ ಸಂಖ್ಯೆ, ಫಿಲ್ಮಿನ ಬಗೆ ಬರೆದಿಡಿ. ಮರುಮುದ್ರಣ ಕೇಳಿಕೊಂಡು ಬರುವ ಹೊತ್ತಿಗೆ ಇವು ಯಾರಿಗೂ ನೆನಪಿರುವುದಿಲ್ಲ.